ಗೋಡೆಯ ಮೇಲಿನ ವೀರ

ಕೋಟೆಯನ್ನು ಶತ್ರುಗಳ ದಂಡು ಮುತ್ತಿದ ದಿನ ಪಾಳೇಗಾರ ರಾಗಿಯ ಕಣಜದೊಳಗೆ ಅಡಗಿ ಕೂತಿದ್ದ. ಶತ್ರುದೊರೆಯ ಮಗನನ್ನು ಈಟಿಯಿಂದ ತಿವಿದು ಕೊಂದವನು ಬಾಗಿಲ ಕಾವಲಿನ ಕದರಪ್ಪ. ದಂಡು ಹಿಮ್ಮೆಟ್ಟಿತು, ಕದರಪ್ಪನೂ ಅಲ್ಲೇ ಪ್ರಾಣ ಬಿಟ್ಟ. ಅವನ ತಮ್ಮ, ಅರಮನೆಯ ಚಿತ್ರಗಾರ ಓಬಳಯ್ಯ, ಆ ಕಾಳಗವನ್ನು ದರ್ಬಾರಿನ ಗೋಡೆಯ ಮೇಲೆ ಬರೆಯತೊಡಗಿದ.

ಪಾಳೇಗಾರ ಬಂದು ನೋಡಿದ. "ಆ ಮುಖ ಅಳಿಸೋ. ನನ್ನ ಮುಖ ಬರಿ."

"ಅದು ನಮ್ಮಣ್ಣ, ಬುದ್ಧೀ."

"ಕಾವಲಿನವನ ಮೋರೆ ನನ್ನ ಗೋಡೆ ಮ್ಯಾಲ್ಯಾಕೆ? ಬರಿ ಅಂದ್ರೆ ಬರಿ. ಮೀಸೆ ಇನ್ನೊಂದಿಷ್ಟು ದಪ್ಪಗಿರಲಿ."

ಓಬಳಯ್ಯ ಅಣ್ಣನ ಮುಖವನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸಿದ. ಕಿವಿಯಲ್ಲಿ ಇನ್ನೂ ರಾಗಿ ಹೊಟ್ಟು ಅಂಟಿದ್ದ ಆ ಮನುಷ್ಯನಿಗೆ ಸಿಂಹದಂಥ ಕಣ್ಣು ಬರೆದುಕೊಟ್ಟ.

ಮರುವರ್ಷ ಶತ್ರುದೊರೆ ಕೋಟೆ ಗೆದ್ದು ದರ್ಬಾರಿಗೆ ಬಂದ. ಮಗನ ಎದೆಗೆ ನೆಟ್ಟ ಈಟಿಯನ್ನೂ ಅದನ್ನು ಹಿಡಿದವನ ಮುಖವನ್ನೂ ಗೋಡೆಯ ಮೇಲೆ ನೋಡಿ ಕತ್ತಿ ಹಿರಿದ.

"ನಾನಲ್ಲ!" ಪಾಳೇಗಾರ ಅವನ ಕಾಲಿಗೆ ಬಿದ್ದ. "ನಾನು ಕಣಜದಾಗೆ ಅಡಗಿದ್ದೆ! ಈ ಚಿತ್ರಗಾರನ್ನೇ ಕೇಳಿ. ಓಬಳಯ್ಯ, ಹೇಳಪ್ಪಾ, ಕೊಂದಿದ್ದು ಯಾರು?"

ಓಬಳಯ್ಯ ಕೈಮುಗಿದ.

"ನಮ್ಮ ದೊರೆಗಳೇ, ಪ್ರಭೂ. ಎದುರಿಗೆ ಕೂತು ಅವರೇ ಬರೆಸಿದ್ದು."