ಚಿಪ್ಪಿನ ಕೆಂಡ

ತೆಂಗಿನ ಚಿಪ್ಪಿನ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ತೊಟ್ಟಿಲ ಪಕ್ಕದಲ್ಲಿಟ್ಟು ಮೀನಾಕ್ಷಮ್ಮ ಕಿಟಕಿ ಮುಚ್ಚಲು ಕೈ ಚಾಚಿದರು. ಮಗಳು ಗಿರಿಜಾಂಬಿಕಾ ಆ ಕೈ ಹಿಡಿದುಕೊಂಡಳು.

ಹೋದ ವಾರ ಇದೇ ಕೋಣೆಯಲ್ಲಿ ಮಲಗಿದ್ದ ಅವಳ ಬಾಣಂತಿ ತಂಗಿ ಸರ್ವಮಂಗಳ ಮತ್ತೆ ಏಳಲಿಲ್ಲ. ಮಗು ಆಗ ಪಡಸಾಲೆಯಲ್ಲಿತ್ತು, ಉಳಿಯಿತು. ತಾಯಿಯನ್ನು ತಿಂದುಕೊಂಡ ಕೂಸು ನಮಗೆ ಬೇಡವೆಂದು ತುರುವೇಕೆರೆಯ ಬೀಗರು ಹೇಳಿ ಕಳಿಸಿದ್ದರು. ಬೆಂಗಳೂರಿನ ಪ್ರಯೋಗಾಲಯದಿಂದ ಓಡಿಬಂದ ಗಿರಿಜಾಂಬಿಕಾಗೆ ಅಳು ಬಂದಿರಲಿಲ್ಲ. ನೆನಪಿಗೆ ಬರುತ್ತಿದ್ದುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳನ್ನು ಬಳಸಿ ಮಾಡುವ ತನ್ನ ಹೈಡ್ರೋಫಾರ್ಮೈಲೇಷನ್ ಪ್ರಯೋಗ ಮಾತ್ರ. ಕಾರ್ಬನ್ ಮಾನಾಕ್ಸೈಡಿನ ಒತ್ತಡ ತೀರಾ ಇಳಿದರೆ ಕೋಬಾಲ್ಟ್ ವೇಗವರ್ಧಕ ಕೆಟ್ಟು ಬರೀ ಲೋಹವಾಗಿ ತಳ ಸೇರುತ್ತದೆ. ಒತ್ತಡ ಅತಿಯಾದರೆ ಅದೇ ಅನಿಲ ಕೋಬಾಲ್ಟಿಗೆ ಅಂಟಿ ಕೂತು ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ, ಕ್ರಿಯೆ ನಿಧಾನವಾಗುತ್ತದೆ. ರಕ್ತದಲ್ಲಿನ ಕಬ್ಬಿಣಕ್ಕೂ ಅದು ಹಾಗೆಯೇ ಅಂಟುತ್ತದೆ, ಆಮ್ಲಜನಕಕ್ಕೆ ಜಾಗ ಬಿಡುವುದಿಲ್ಲ. ಮುಚ್ಚಿದ ಕೋಣೆಯ ಕೆಂಡದಿಂದ ಹೊಮ್ಮುವುದೂ ಅದೇ ಅನಿಲ. ಇದನ್ನು ಹೇಳದಿದ್ದರೆ ಕೆಟ್ಟ ಹೆಸರು ಮಗುವಿಗೆ, ಹೇಳಿದರೆ ಅಮ್ಮನಿಗೆ.

"ಮಗೀಗೆ ಥಂಡಿ ಹಿಡೀತದೆ, ಬುಡೇ," ಎಂದರು ಮೀನಾಕ್ಷಮ್ಮ.

"ಗಾಳಿ ಆಡ್ಬೇಕು ಕಣಮ್ಮ. ಬಾಗ್ಲು ಕಿಟಕಿ ಮುಚ್ಚಿ ಕೆಂಡ ಇಟ್ರೆ ವಿಷದ ಗಾಳಿ ತುಂಬ್ಕೊತದೆ. ವಾಸ್ನೆ ಇರಲ್ಲ, ಗೊತ್ತೇ ಆಗಲ್ಲ. ಮಂಗಳ ಹೋಗಿದ್ದು ಅದ್ರಿಂದ್ಲೇ. ಮಗೀದೇನೂ ತಪ್ಪಿಲ್ಲ."

ಹೇಳಿ ಮುಗಿಸಿದ ಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಮೀನಾಕ್ಷಮ್ಮ ಕೆಂಡವನ್ನೇ ನೋಡುತ್ತಾ ನಿಂತರು.

"ಅವತ್ತು ಕಿಟಕಿ ಮುಚ್ಚಿದ್ದು ನಾನೇ ಕಣೇ."

"ಹೂಂ," ಎಂದಳು ಗಿರಿಜಾಂಬಿಕಾ. ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಅಂಗಳಕ್ಕೆ ನಡೆದಳು.