ಜೋಗುಳಕ್ಕೆ ಆಂಪ್ಲಿಫೈಯರ್

ಆಂಪ್ಲಿಫೈಯರ್ ಬಾಡಿಗೆ ಎಂಟುನೂರು, ಚನ್ನಗಿರಿಯಿಂದ ತರಲು ಆಟೋಗೆ ಮುನ್ನೂರು. ಮಗಳ ನಾಮಕರಣಕ್ಕೆ ಇದೇನು ದುಬಾರಿಯಲ್ಲ ಎಂದುಕೊಂಡ ಗುರುಬಸವರಾಜ್, ಗಿಟಾರಿಗೆ ವೈರ್ ಸಿಕ್ಕಿಸಿ ತಂತಿ ಮೀಟಿದ. ತೊಟ್ಟಿಲು ತೂಗುತ್ತಾ ಹಾಡುತ್ತಿದ್ದ ಅಕ್ಕ ಕಲ್ಪನಾಳ ದನಿ ಆ ಸದ್ದಿನಲ್ಲಿ ಮುಳುಗಿಹೋಯಿತು.

“ಸ್ವಲ್ಪ ಜೋರಾಗಿ ಹಾಡಕ್ಕ, ಹಿಂದಿನೋರಿಗೂ ಕೇಳ್ಲಿ.”

“ಜೋಗುಳಾನ ಕೂಗಿ ಹಾಡಾಕೆ ಆಗ್ತೈತೇನೋ?” ಅಕ್ಕ ನಕ್ಕಳು. “ನೀನೇ ಬಾರ್ಸಪ್ಪ, ನಾನು ತೂಗ್ತೀನಿ.”

ಹಿಂದೆ ಕೂತ ನೆಂಟರು ಚಪ್ಪಾಳೆ ತಟ್ಟಿದರು. ನಿನ್ನೆ ಹಿತ್ತಿಲಲ್ಲಿ, ವೈರಿಲ್ಲದ ಇದೇ ಗಿಟಾರಿಗೆ ಅಕ್ಕ ಕಣ್ಣು ಮುಚ್ಚಿ ಪೂರ್ತಿ ಹಾಡಿದ್ದು ಅವನಿಗೆ ನೆನಪಾಯಿತು. ವೈರ್ ಕಿತ್ತು, ಮೆಲ್ಲಗೆ ಮೀಟಿ, ಅವಳ ಮುಖ ನೋಡಿದ. ಅಕ್ಕ ತೂಗುತ್ತಲೇ ಇದ್ದಳು, ತುಟಿ ಬಿಚ್ಚಲಿಲ್ಲ. ಗಿಟಾರ್ ಇಡೀ ಓಣಿಗೆ ಕೇಳಿಸಿತ್ತು. ಮಗುವಿಗೆ ಸೋದರತ್ತೆಯ ಜೋಗುಳ ಸಿಗಲಿಲ್ಲ.