ಏಳನೇ ನಿಮಿಷ

“ಪಪ್ಪಾ, ಏಳನೇ ನಿಮಿಷದಾಗ ಢೋಲಕಿ ಬಂದ್ ಬಿದ್ದದಂತ. ಎಲ್ಲಾರೂ ಅದನ್ನೇ ಬರದಾರ ನೋಡ್ರಿ,” ಎಂದಳು ಪ್ರಿಯಾ, ಮೊಬೈಲಿನಿಂದ ಕಣ್ಣೆತ್ತದೆ.

ಗುರುಬಸವ ಚಹಾದ ಕಪ್ಪು ಕೆಳಗಿಟ್ಟ. ‘ಚೌಥಿ ಪಾಳಿ’, ಅಂದರೆ ನಾಲ್ಕನೇ ಪಾಳಿ, ಎಂಬ ತಂಡದ ಹೊಸ ಆಲ್ಬಂ ಬಂದು ಮೂರು ದಿನವಾಗಿತ್ತು. ಸಿನ್ನರಿನ ಕಾರ್ಖಾನೆಗಳಲ್ಲಿ ಮೂರು ಪಾಳಿ ದುಡಿಯುತ್ತಿದ್ದ ಗೆಳೆಯರು ನಾಸಿಕ್ ರೋಡಿನ ಖೋಲಿಯೊಂದರಲ್ಲಿ ಸೇರಿ, ಒಂದೇ ಹಾಡನ್ನು ಅರ್ಧ ಗಂಟೆ ಮನಸ್ಸು ಬಂದಂತೆ ಬೆಳೆಸುತ್ತ ಕಟ್ಟಿದ ತಂಡ ಅದು. ಅದರಲ್ಲಿ ಢೋಲಕಿ ಬಾರಿಸುತ್ತಿದ್ದವನು ಗುರುಬಸವನೇ. ಹನ್ನೊಂದು ವರ್ಷದ ಹಿಂದೆ ಎಡಗೈಯ ಎರಡು ಬೆರಳು ಯಂತ್ರಕ್ಕೆ ಸಿಕ್ಕ ಮೇಲೆ ಅವನು ಆ ಕಡೆ ತಲೆ ಹಾಕಿರಲಿಲ್ಲ. ಉಳಿದವರು ಸಂಭಾಜಿನಗರ ಸೇರಿದರು. ಢೋಲಕಿಗೆ ಲತಾ ಎಂಬ ಹೊಸಬಳು ಬಂದಳು.

“ಓದು, ಕೇಳ್ತೀನಿ.”

ಪ್ರಿಯಾ ಓದಿದಳು. ವಿಮರ್ಶಕನೊಬ್ಬ ಹಾಡನ್ನು ಬಾಯ್ತುಂಬ ಹೊಗಳಿ, ‘ನಡುವಿನ ಖಾಲಿ ಜಾಗ ಶುದ್ಧ ಅಜಾಗರೂಕತೆ’ ಎಂದಿದ್ದ. ಕೇಳುಗನೊಬ್ಬ ತನ್ನ ಇಯರ್‌ಫೋನೇ ಕೆಟ್ಟಿತೆಂದು ಹೊಸದು ಕೊಂಡಿದ್ದ. ಸಿಲ್ಲೋಡಿನ ಇನ್ನೊಬ್ಬ, ‘ಅಲ್ಲಿಗೆ ಬಂದಾಗ ಮುಂದಕ್ಕೆ ಓಡಿಸಿಬಿಡ್ತೇನೆ’ ಎಂದು ಬರೆದಿದ್ದ.

“ಹಚ್ಚು,” ಎಂದ ಗುರುಬಸವ.

ಅವನೂ ಬಾರಿಸುತ್ತಿದ್ದ ಹಳೆಯ ಹಾಡೇ. ಏಳನೇ ನಿಮಿಷಕ್ಕೆ ಹಾರ್ಮೋನಿಯಂನ ಒಂದೇ ಸ್ವರ ಉಳಿದು ಮಿಕ್ಕದ್ದೆಲ್ಲ ನಿಂತಿತು. ಆಗೆಲ್ಲ ಅಲ್ಲಿಗೆ ಬಂದಾಗ ಗಿಟಾರಿನ ಅಂಬರೀಶ ಅವನತ್ತ ತಿರುಗಿ ಹುಬ್ಬು ಹಾರಿಸುತ್ತಿದ್ದ. ಮಿಕ್ಕವರು ಕೈ ಬಿಟ್ಟು ಕೂತು ನೋಡುತ್ತಿದ್ದರು, ಅವನ ಢೋಲಕಿಯೊಂದೇ ಓಡುತ್ತಿತ್ತು.

ಅವನು ಅಂಬರೀಶನಿಗೆ ಫೋನ್ ಹಚ್ಚಿದ. “ಅದೇನೋ ಖಾಲಿ ಬಿಟ್ಟೀರಿ? ಜನ ಬೈಲಿಕತ್ತಾರ.”

“ಹನ್ನೊಂದು ವರ್ಷದ ಮ್ಯಾಲ ಫೋನ್ ಮಾಡಿ ಇದೇ ಕೇಳ್ತಿ?” ಅಂಬರೀಶ ನಕ್ಕ. ಆಮೇಲೆ ದನಿ ತಗ್ಗಿಸಿದ. “ಲತಾಗ ಬಾರಿಸು ಅಂದೆ. ನಿನ್ನ ಹಳೇ ರೆಕಾರ್ಡಿಂಗ್ ಕೇಳ್ಯಾಳ ಅಕಿ. ‘ಆ ಜಾಗ ನಂದಲ್ಲ’ ಅಂದ್ಳು. ನಮಗೂ ತುಂಬಲಿಕ್ಕ ಮನಸ್ಸು ಬರ್ಲಿಲ್ಲ. ಐತವಾರ ಇಲ್ಲಿ ಕಾರ್ಯಕ್ರಮ ಅದ, ಬಾ.”

“ಈ ಕೈಲೆ ಏನ್ ಬಾರಿಸ್ಲೋ?”

“ಬಾರಿಸಬ್ಯಾಡ. ಬಂದು ಕೂಡು. ಯಾಕ ನಿಂತೀವಿ ಅಂತ ಒಬ್ಬರಿಗರೆ ಗೊತ್ತಿರ್ಲಿ.”

ಭಾನುವಾರ ಸಂಭಾಜಿನಗರದ ಸಭಾಂಗಣದಲ್ಲಿ ಅಪ್ಪ–ಮಗಳು ಕೊನೆಯ ಸಾಲಿನಲ್ಲಿ ಕೂತಿದ್ದರು. ಹಾಡು ಬೆಳೆಯುತ್ತ ಬೆಳೆಯುತ್ತ ಬಂದು, ಹಾರ್ಮೋನಿಯಂನ ಸ್ವರವೊಂದನ್ನು ಬಿಟ್ಟು ತಟ್ಟನೆ ನಿಂತಿತು. ವೇದಿಕೆಯ ಮೇಲೆ ಲತಾ ಢೋಲಕಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಜನ ಮುಖ ಮುಖ ನೋಡಿಕೊಂಡರು. ಯಾರೋ ಹಾಡು ಮುಗಿಯಿತೆಂದು ಚಪ್ಪಾಳೆ ಹೊಡೆದರು. ಪಕ್ಕದ ಕುರ್ಚಿಯ ಹಿರಿಯರು ಇತ್ತ ಬಾಗಿ, ಇವರು ತಪ್ಪಿದರೆಂದು ಕಾಣುತ್ತದೆ ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು.

ಕಣ್ಣು ಮುಚ್ಚಿ ತನ್ನ ಹಳೆಯ ಢೋಲಕಿಯನ್ನೇ ಕೇಳುತ್ತಿದ್ದ ಗುರುಬಸವನಿಗೆ ಆ ಗಳಿಗೆಯಲ್ಲಿ ಮರಾಠಿ ನೆನಪಾಗಲಿಲ್ಲ.

“ತಪ್ಪಿಲ್ರೀ,” ಎಂದ. “ಕೇಳ್ರಿ, ಇನ್ನೂ ನಡದದ.”